ಫಲಿತಾಂಶದ ಹಲಗೆಯ ಮುಂದೆ: ಕನ್ನಡ ಸಿನಿಮಾದ ಶಾಲಾ-ಕಾಲೇಜು ಕಥನಗಳ ಬಾಳಿಕೆ

ಪೀಠಿಕೆ

ಕನ್ನಡ ಚಲನಚಿತ್ರಗಳ ಅಧ್ಯಯನವು ಹೆಚ್ಚಾಗಿ ಕಾದಂಬರಿ ಆಧಾರಿತ ಚಿತ್ರಗಳು, ಹೊಸ ಅಲೆಯ ಚಿತ್ರಗಳು ಮತ್ತು ತಾರಾ ವ್ಯಕ್ತಿತ್ವದ ಸಾಂಸ್ಕೃತಿಕ ಮಹತ್ವ ಎಂಬ ನೆಲೆಗಳಲ್ಲಿ ನಡೆದಿದೆ. ಹದಿಹರೆಯದ ವಿದ್ಯಾರ್ಥಿಗಳ ಬದುಕನ್ನು ವಸ್ತುವಾಗಿ ಉಳ್ಳ ಚಿತ್ರಗಳನ್ನು ‘ಕಾಲೇಜು ಲವ್ ಸ್ಟೋರಿ’ ಎಂಬ ಹಣೆಪಟ್ಟಿಯಡಿ ಬದಿಗಿರಿಸುವ ರೂಢಿಯೂ ಬೆಳೆದುಬಂದಿದೆ. ಆದರೆ ಪ್ರೇಕ್ಷಕರು ಈ ಚಿತ್ರಗಳನ್ನು ಬದಿಗಿರಿಸಿಲ್ಲ. 1972ರ ‘ನಾಗರಹಾವು’ 2018ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ತೆರೆಕಂಡಿತು. 1987ರ ‘ಪ್ರೇಮಲೋಕ’ದ ಹಾಡುಗಳನ್ನು ಆ ಚಿತ್ರ ಬಂದಾಗ ಹುಟ್ಟಿರದವರೂ ಹಾಡುತ್ತಾರೆ. 2016ರ ಕೊನೆಯಲ್ಲಿ ಬಿಡುಗಡೆಯಾದ ‘ಕಿರಿಕ್ ಪಾರ್ಟಿ’ ಶತದಿನ ದಾಟಿ ಓಡಿತಲ್ಲದೆ ತೆಲುಗಿಗೂ ಹೋಯಿತು.

ಈ ಬಾಳಿಕೆಗೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಕಳೆದುಹೋದ ದಿನಗಳ ಹಂಬಲ. ಈ ವಿವರಣೆ ಸುಳ್ಳಲ್ಲ, ಆದರೆ ಸಾಲದು. ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟವರು, ಕಾಲೇಜಿನ ಮೆಟ್ಟಿಲನ್ನೇ ಹತ್ತದವರು ಕೂಡ ಈ ಚಿತ್ರಗಳ ನಿಷ್ಠಾವಂತ ಪ್ರೇಕ್ಷಕರು. ತಮಗೆ ದಕ್ಕದ ಕಾಲವನ್ನು ಅವರು ಹಂಬಲಿಸುವುದಾದರೂ ಹೇಗೆ? ಪ್ರಸ್ತುತ ಲೇಖನವು ಈ ಪ್ರಶ್ನೆಯಿಂದ ಹೊರಡುತ್ತದೆ. ಶಾಲೆಯೆಂಬುದು ಕನ್ನಡ ಸಮಾಜದಲ್ಲಿ ಸಹಜವಾಗಿ ದಾಟುವ ವಯಸ್ಸಿನ ಹಂತವಲ್ಲ. ಅದು ಕೆಲವರನ್ನು ಒಳಗೆ ಬಿಟ್ಟು ಹಲವರನ್ನು ಹೊರಗೆ ನಿಲ್ಲಿಸುವ ಬಾಗಿಲು. ಆ ಬಾಗಿಲಿನ ಮುಂದೆ ನಿಂತ ಅನುಭವ, ಒಳಹೋದವರಿಗೂ ಹೊರಗುಳಿದವರಿಗೂ ಸಮಾನವಾದುದು. ಈ ಚಿತ್ರಗಳ ದೀರ್ಘ ಆಕರ್ಷಣೆಯ ಮೂಲ ಅಲ್ಲಿದೆ ಎಂಬುದನ್ನು ಕೆಲವು ಪಠ್ಯಗಳ ಮೂಲಕ, ಹಾಗೂ ಪಶ್ಚಿಮ ಬೆಂಗಳೂರಿನ ಪ್ರೇಕ್ಷಕ ಪರಿಸರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಪ್ರಕಾರದ ಗಡಿರೇಖೆ

ಹದಿಹರೆಯದ ಚಿತ್ರವೆಂಬ ಪ್ರಕಾರ ಸ್ಪಷ್ಟ ರೂಪ ಪಡೆದದ್ದು ಅಮೆರಿಕದಲ್ಲಿ. ‘ರೆಬೆಲ್ ವಿದೌಟ್ ಎ ಕಾಸ್’ (1955), ಜಾರ್ಜ್ ಲ್ಯೂಕಾಸ್ ಅವರ ‘ಅಮೆರಿಕನ್ ಗ್ರಾಫಿಟಿ’ (1973), ಜಾನ್ ಹ್ಯೂಸ್ ಅವರ ‘ದ ಬ್ರೇಕ್‌ಫಾಸ್ಟ್ ಕ್ಲಬ್’ (1985) ಮುಂತಾದವು ಇದರ ಪ್ರಾತಿನಿಧಿಕ ಕೃತಿಗಳು. ಕೊನೆಯ ಚಿತ್ರದಲ್ಲಿ ಐವರು ವಿದ್ಯಾರ್ಥಿಗಳು ಶಿಕ್ಷೆಯಾಗಿ ಒಂದು ಶನಿವಾರವನ್ನು ಶಾಲೆಯಲ್ಲಿ ಕಳೆಯುತ್ತಾರೆ, ಅಷ್ಟೇ ಕಥೆ. ಇಂಥ ಕಥೆ ಸಾಧ್ಯವಾಗುವುದು ಹೈಸ್ಕೂಲು ಎಲ್ಲರಿಗೂ ದತ್ತವಾದ, ಪ್ರಶ್ನಾತೀತವಾದ ಆವರಣವಾಗಿರುವಾಗ ಮಾತ್ರ. ಅಲ್ಲಿಯ ಹೈಸ್ಕೂಲು ಸುಮಾರು ಹದಿನಾಲ್ಕರಿಂದ ಹದಿನೆಂಟರವರೆಗಿನ ವಯಸ್ಸನ್ನು ಒಂದೇ ಕಟ್ಟಡದೊಳಗೆ ಹಿಡಿದಿಡುತ್ತದೆ. ಅದರ ಮುಕ್ತಾಯವನ್ನು ನೃತ್ಯಕೂಟ ಮತ್ತು ಪದವಿ ಪ್ರದಾನದ ಸಂಭ್ರಮ ಸೂಚಿಸುತ್ತದೆ.

ಕರ್ನಾಟಕದಲ್ಲಿ ಈ ವಯಸ್ಸು ಎರಡು ತುಂಡಾಗಿದೆ. ಹತ್ತನೆಯ ತರಗತಿಯ ಕೊನೆಗೆ ಎಸ್ಸೆಸ್ಸೆಲ್ಸಿ, ಅನಂತರ ಎರಡು ವರ್ಷಗಳ ಪಿಯುಸಿ. ಹದಿನೈದು-ಹದಿನಾರನೆಯ ವಯಸ್ಸಿನಲ್ಲೇ ಗೆಳೆಯರ ಗುಂಪು ಒಡೆಯುತ್ತದೆ. ಒಬ್ಬ ವಿಜ್ಞಾನಕ್ಕೆ, ಇನ್ನೊಬ್ಬ ವಾಣಿಜ್ಯಕ್ಕೆ, ಮತ್ತೊಬ್ಬ ಐಟಿಐಗೆ, ಮಗದೊಬ್ಬ ನೇರವಾಗಿ ಗ್ಯಾರೇಜಿಗೆ. ಹುಡುಗಿಯ ವಿಷಯದಲ್ಲಿ ಮದುವೆಯೂ ಒಂದು ‘ಕವಲು’. ಇಲ್ಲಿ ಮುಕ್ತಾಯವನ್ನು ಸೂಚಿಸುವುದು ಸಂಭ್ರಮವಲ್ಲ, ಫಲಿತಾಂಶದ ಹಲಗೆ. ಕನ್ನಡದಲ್ಲಿ ಶುದ್ಧ ಹೈಸ್ಕೂಲು ಚಿತ್ರಗಳು ವಿರಳವಾಗಿದ್ದು, ಹದಿಹರೆಯದ ಕಥೆಗಳು ಬಹುಪಾಲು ಪಿಯು ಅಥವಾ ಪದವಿ ಕಾಲೇಜಿಗೆ ಜಾರಿರುವುದಕ್ಕೆ ಈ ವಿಭಜನೆಯೂ ಒಂದು ಕಾರಣವೆಂದು ಊಹಿಸಬಹುದು. ಆದ್ದರಿಂದ ಈ ಲೇಖನವು ಹೈಸ್ಕೂಲು, ಪಿಯು ಮತ್ತು ಕಾಲೇಜಿನ ಕಥನಗಳನ್ನು ಒಂದೇ ಸಾಲಿನಲ್ಲಿಟ್ಟು ನೋಡುತ್ತದೆ.

2. ಹೈಸ್ಕೂಲು ಸೇರುವುದೇ ಕಥೆ

ಈ ವ್ಯತ್ಯಾಸವನ್ನು ಅತ್ಯಂತ ನೇರವಾಗಿ ಕಾಣಿಸುವ ಕೃತಿ ಕುಂ. ವೀರಭದ್ರಪ್ಪನವರ ‘ಕೊಟ್ರ ಹೈಸ್ಕೂಲಿಗೆ ಸೇರಿದ್ದು’. ಇದನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ ಅವರು 1994ರಲ್ಲಿ ‘ಕೊಟ್ರೇಶಿ ಕನಸು’ ಚಿತ್ರವನ್ನು ನಿರ್ದೇಶಿಸಿದರು. ಮುಖ್ಯಪಾತ್ರ ವಹಿಸಿದ ವಿಜಯ್ ರಾಘವೇಂದ್ರ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ದೊರೆಯಿತು. ಏಳನೆಯ ತರಗತಿ ಪಾಸಾದ ದಲಿತ ಹುಡುಗನೊಬ್ಬ ಹೈಸ್ಕೂಲು ಸೇರಬೇಕೆಂದು ಬಯಸುವುದು ಇದರ ವಸ್ತು. ಅಮೆರಿಕದ ಚಿತ್ರಗಳು ಹೈಸ್ಕೂಲಿನ ಒಳಗೆ ಆರಂಭವಾಗುತ್ತವೆ. ಕೊಟ್ರನ ಕಥೆಗೆ ಹೈಸ್ಕೂಲಿನ ಬಾಗಿಲೇ ಗುರಿ. ಒಬ್ಬ ಹುಡುಗನ ದಾಖಲಾತಿ ಇಡೀ ಊರಿನ ಜಾತಿವ್ಯವಸ್ಥೆಯನ್ನು ಅಲುಗಿಸುವ ಘಟನೆಯಾಗುತ್ತದೆ ಎಂಬುದನ್ನು ಕಥೆಯ ಶೀರ್ಷಿಕೆಯೇ ಹೇಳುತ್ತದೆ. ‘ಸೇರಿದ್ದು’ ಎಂಬ ಸಾಧಾರಣ ಕ್ರಿಯೆ ಇಲ್ಲಿ ಮಹಾಕ್ರಿಯೆಯಾಗಿದೆ.

ಕನ್ನಡದ ಶಾಲಾ ಕಥನವನ್ನು ಓದುವವರು ಕೊಟ್ರನನ್ನು ಮೊದಲ ಬೆಂಚಿನಲ್ಲಿ ಕೂರಿಸಬೇಕಾಗುತ್ತದೆ. ಬೈಕು, ಗುಲಾಬಿ, ಕ್ಯಾಂಟೀನುಗಳಿರುವ ಚಿತ್ರಗಳಲ್ಲೂ ಸೇರುವ ಮತ್ತು ಹೊರಬೀಳುವ ಆತಂಕ ಒಳಗೊಳಗೇ ಹರಿಯುತ್ತಿರುವುದು ಆಗ ಗೋಚರಿಸುತ್ತದೆ.

3. ಪರೀಕ್ಷೆಯ ಕೊಠಡಿಯೂ ಗುರುವಿನ ಮಾತೂ

ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ರೂಪಿಸಿದ ಚಿತ್ರ ‘ನಾಗರಹಾವು’. ಇದನ್ನು ಕೋಪಿಷ್ಠ ತರುಣನ ಕಥೆಯಾಗಿ, ಚಿತ್ರದುರ್ಗದ ಕೋಟೆಯ ಕಾವ್ಯವಾಗಿ, ಗುರುಭಕ್ತಿಯ ಕಥೆಯಾಗಿ ಓದಲಾಗಿದೆ. ಆದರೆ ರಾಮಾಚಾರಿಯ ಕೋಪದ ಆರಂಭಬಿಂದು ಪರೀಕ್ಷೆಯ ಕೊಠಡಿ. ನಕಲು ಮಾಡುವಾಗ ಸಿಕ್ಕಿಬಿದ್ದು, ಪ್ರಾಂಶುಪಾಲರ ಶಿಕ್ಷೆಗೆ ಗುರಿಯಾಗಿ, ಅವಮಾನದ ಸೇಡನ್ನು ಅವರ ಮೇಲೆಯೇ ತೀರಿಸಿಕೊಳ್ಳುವಲ್ಲಿಂದ ಅವನ ಕಥೆ ಬೆಳೆಯುತ್ತದೆ. ಸಂಸ್ಥೆ ಹೊರಹಾಕಿದವನನ್ನು ಒಳಗೆ ಕರೆಯುವವರು ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ ಚಾಮಯ್ಯ ಮೇಷ್ಟ್ರು.

ಇಲ್ಲಿ ಗುರುವಿನ ಪಾತ್ರ ಕೇವಲ ಕರುಣೆಯದಲ್ಲ. ಅಲಮೇಲುವನ್ನು ಬಿಟ್ಟುಕೊಡುವಂತೆ ಶಿಷ್ಯನನ್ನು ಒಪ್ಪಿಸುವವರು, ಮಾರ್ಗರೆಟ್‌ಳೊಡನೆಯ ಸಂಬಂಧವನ್ನು ವಿರೋಧಿಸುವವರು ಅವರೇ. ಅಲಮೇಲುವಿನ ಬದುಕು ಹಾಳಾಗುವುದಕ್ಕೂ, ಕೊನೆಯ ದುರಂತಕ್ಕೂ ಈ ವಾತ್ಸಲ್ಯಪೂರ್ಣ ಮಾತೇ ದಾರಿಯಾಗುತ್ತದೆ. ಪಾಠ ಹೇಳಿಕೊಟ್ಟ ಬಾಯಿಯೇ ಜಾತಿಯ ಮತ್ತು ಧರ್ಮದ ಗಡಿಯನ್ನೂ ಹೇಳಿಕೊಡುತ್ತದೆ. ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958) ಚಿತ್ರದಲ್ಲಿ ಪ್ರಶ್ನಾತೀತ ಆದರ್ಶವಾಗಿದ್ದ ಮೇಷ್ಟ್ರು ‘ನಾಗರಹಾವು’ವಿನಲ್ಲಿ ಒಳ್ಳೆಯವರಾಗಿದ್ದೂ ತಪ್ಪುವವರಾಗುತ್ತಾರೆ. ಪ್ರೇಕ್ಷಕ ಚಾಮಯ್ಯನವರನ್ನು ಪ್ರೀತಿಸುತ್ತಲೇ ರಾಮಾಚಾರಿಯ ಪರ ವಹಿಸುತ್ತಾನೆ. ಬಗೆಹರಿಯದ ಈ ಇಬ್ಬಂದಿತನವೇ ಐದು ದಶಕಗಳ ಬಳಿಕವೂ ಚಿತ್ರವನ್ನು ಜೀವಂತವಾಗಿಟ್ಟಿದೆ.

4. ಪರೀಕ್ಷೆಯಿಲ್ಲದ ಕಾಲೇಜು

ವಿ. ರವಿಚಂದ್ರನ್ ಅವರ ‘ಪ್ರೇಮಲೋಕ’ ಮೇಲ್ನೋಟಕ್ಕೆ ಈ ವಾದಕ್ಕೆ ಅಪವಾದ. ಅಮೆರಿಕದ ‘ಗ್ರೀಸ್ 2’ (1982) ಚಿತ್ರದಿಂದ ಸ್ಫೂರ್ತಿ ಪಡೆದ ಇದರಲ್ಲಿ ಕಾಲೇಜಿದೆ, ಪಾಠದ ಭಾರವಿಲ್ಲ. ವಿದ್ಯಾರ್ಥಿಗಳಿದ್ದಾರೆ, ಪರೀಕ್ಷೆಯ ಭೀತಿಯಿಲ್ಲ. ಪ್ರೇಕ್ಷಕರಿಗೆ ಸಿಕ್ಕಿದ್ದು ಬಾಗಿಲೇ ಇಲ್ಲದ ಕಾಲೇಜು. ಚಿತ್ರಮಂದಿರದ ಟಿಕೆಟ್ಟು ಕೊಂಡ ಯಾರಿಗೇ ಆದರೂ ಅಲ್ಲಿ ಪ್ರವೇಶ ಉಂಟು, ಅಂಕಪಟ್ಟಿ ಬೇಕಿಲ್ಲ. ಹೊರಗೆ ನಿಂತವರಿಗೆ ಇದಕ್ಕಿಂತ ಉದಾರವಾದ ಆಹ್ವಾನ ಬೇರೊಂದಿರಲಾರದು. ಹೀಗಾಗಿ ಈ ಚಿತ್ರವು ವಾದವನ್ನು ಅಲ್ಲಗಳೆಯುವುದಿಲ್ಲ. ಇನ್ನೊಂದು ತುದಿಯಿಂದ ಸಮರ್ಥಿಸುತ್ತದೆ.

ಭಾಷೆಯ ದೃಷ್ಟಿಯಿಂದಲೂ ಈ ಚಿತ್ರ ಮುಖ್ಯ. ಹಂಸಲೇಖ ಅವರು ಚಿತ್ರಗೀತೆಯನ್ನು ಸಂಭಾಷಣೆಯ ಲಯಕ್ಕೆ ಇಳಿಸಿದರು. ಪ್ರಶ್ನೆ, ಉತ್ತರ, ಕೀಟಲೆ, ಜಗಳಗಳು ಹಾಡಾದವು. ಚಿತ್ರಗೀತೆಯ ಗ್ರಾಂಥಿಕ ಪದಸಂಪತ್ತಿಗೆ ಬದಲಾಗಿ ಬೀದಿಯ, ಬಸ್ ನಿಲ್ದಾಣದ, ಕಾಲೇಜು ಕಟ್ಟೆಯ ಮಾತು ಬಂದಿತು. ಹದಿಹರೆಯದವರಿಗೆ ತಮ್ಮದೇ ಆದ ಒಂದು ಕನ್ನಡವಿದೆ ಎಂಬುದನ್ನು ಮೊದಲು ಒಪ್ಪಿಕೊಂಡದ್ದು ತರಗತಿಯಲ್ಲ, ಸಿನಿಮಾ ಹಾಡು ಎನ್ನುವುದನ್ನು ಕನ್ನಡ ಅಧ್ಯಾಪಕರು ಗಮನಿಸಬೇಕಾಗಿದೆ.

5. ಹುಡುಗಿಯ ಕಣ್ಣಿನಿಂದ

ಮೇಲಿನ ಚಿತ್ರಗಳಲ್ಲಿ ಕಾಲೇಜು ಹುಡುಗನ ಪ್ರದೇಶ. ಹುಡುಗಿ ಅವನು ನೋಡುವ ದೃಶ್ಯ. ಶಶಾಂಕ್ ನಿರ್ದೇಶನದ ‘ಮೊಗ್ಗಿನ ಮನಸು’ (2008) ಈ ನೋಟದ ದಿಕ್ಕನ್ನು ಬದಲಿಸಲು ಯತ್ನಿಸಿತು. ರಾಧಿಕಾ ಪಂಡಿತ್ ಅವರ ಈ ಮೊದಲ ಚಿತ್ರವು ಪಿಯುಸಿ ಓದುವ ಗೆಳತಿಯರ ಕಥೆ. ಪ್ರೀತಿಸಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಇಲ್ಲಿ ಹುಡುಗಿಯರೇ ತಮ್ಮತಮ್ಮಲ್ಲಿ ಚರ್ಚಿಸುತ್ತಾರೆ. ಆದರೂ ಚಿತ್ರದ ಒಟ್ಟು ದನಿಯಲ್ಲಿ ಹಿರಿಯರ ಎಚ್ಚರಿಕೆ ಬೆರೆತಿದೆ. ಹದಿಹರೆಯ ಇಲ್ಲಿ ಅನುಭವವಾಗಿರುವಷ್ಟೇ ಅಪಾಯವೂ ಹೌದು.

ರೂಪಾ ರಾವ್ ಅವರ ‘ಗಂಟುಮೂಟೆ’ (2019) ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ತೊಂಬತ್ತರ ದಶಕದ ಬೆಂಗಳೂರಿನ ಹೈಸ್ಕೂಲು ಹುಡುಗಿ ಮೀರಾಳ ಪಾತ್ರವನ್ನು ತೇಜು ಬೆಳವಾಡಿ ವಹಿಸಿದ್ದಾರೆ. ಕನ್ನಡದ ವಿರಳ ಹೈಸ್ಕೂಲು ಚಿತ್ರಗಳಲ್ಲಿ ಇದು ಎದ್ದುಕಾಣುತ್ತದೆ. ಸಿನಿಮಾ ನೋಡಿ ಪ್ರೀತಿಯನ್ನು ಕಲಿತ ಹುಡುಗಿಯೊಬ್ಬಳು ತನ್ನ ತರಗತಿಯ ಹುಡುಗನಲ್ಲಿ ಹಿಂದಿ ನಟ ಸಲ್ಮಾನ್ ಖಾನನನ್ನು ಕಾಣುತ್ತಾಳೆ. ನೋಡುವವಳೂ ಅವಳೇ, ಬಯಸುವವಳೂ ಅವಳೇ, ಕಥೆಯನ್ನು ಹೇಳುವ ದನಿಯೂ ಅವಳದೇ. ಈ ಪ್ರೀತಿಯ ಬೆನ್ನಿಗೆ ನಿಂತಿರುವ ಖಳ ಯಾವ ವ್ಯಕ್ತಿಯೂ ಅಲ್ಲ, ಪರೀಕ್ಷೆ. ಅಂಕಗಳ ಒತ್ತಡ ಕಥೆಯ ದಿಕ್ಕನ್ನು ನಿರ್ಧರಿಸುತ್ತದೆ. ಶೀರ್ಷಿಕೆಯ ‘ಗಂಟುಮೂಟೆ’ ಶಾಲೆಯ ಚೀಲವಲ್ಲ. ಶಾಲೆ ಮುಗಿದ ಬಳಿಕವೂ ಇಳಿಸಲಾಗದ ಹೊರೆ.

6. ನೆನಪಿನ ರಚನೆ

ಶಾಲಾ ಕಥನಗಳ ಇನ್ನೊಂದು ಗುಂಪು ದೊಡ್ಡವರಾದವರ ನೆನಪಿನಲ್ಲಿ ನಡೆಯುತ್ತದೆ. ಚೇರನ್ ಅವರ ತಮಿಳು ಚಿತ್ರವನ್ನು ಆಧರಿಸಿ ಸುದೀಪ್ ನಿರ್ದೇಶಿಸಿದ ‘ಮೈ ಆಟೋಗ್ರಾಫ್’ (2006) ಚಿತ್ರದಲ್ಲಿ ನಾಯಕ ಮದುವೆಯ ಆಮಂತ್ರಣ ಹಂಚಲು ಹೊರಟು ತನ್ನ ಹಿಂದಿನ ಪ್ರೀತಿಗಳನ್ನು, ಅವುಗಳಲ್ಲಿ ಮೊದಲನೆಯದಾದ ಶಾಲಾ ದಿನಗಳ ಪ್ರೀತಿಯನ್ನು, ಮತ್ತೆ ಎದುರಾಗುತ್ತಾನೆ. ತಮಿಳಿನ ‘96’ (2018) ಚಿತ್ರವನ್ನು ಪ್ರೀತಂ ಗುಬ್ಬಿ ‘99’ (2019) ಎಂದು ಕನ್ನಡಕ್ಕೆ ತಂದರು. ಹಳೆಯ ಸಹಪಾಠಿಗಳ ಪುನರ್ಮಿಲನ ಅದರ ಚೌಕಟ್ಟು. ಎರಡೂ ನೆರೆಭಾಷೆಯಿಂದ ಬಂದವು ಎಂಬುದು ಈ ಅನುಭವ ಒಂದು ಭಾಷೆಗೆ ಸೀಮಿತವಲ್ಲವೆಂಬುದನ್ನು ಸೂಚಿಸುತ್ತದೆ. ರಿಷಬ್ ಶೆಟ್ಟಿ ನಿರ್ದೇಶನದ, ಹಾಸನದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಚಿತ್ರಿತವಾದ ‘ಕಿರಿಕ್ ಪಾರ್ಟಿ’ ಹರಟೆ-ಹುಡುಗಾಟಗಳ ನಡುವೆ ಒಂದು ಸಾವನ್ನು ಇರಿಸಿ, ಕಾಲೇಜಿನ ವರ್ಷಗಳನ್ನು ಮುಗ್ಧತೆಯಿಂದ ಅರಿವಿನೆಡೆಗಿನ ದಾರಿಯಾಗಿ ಕಾಣಿಸುತ್ತದೆ.

ಈ ಚಿತ್ರಗಳಲ್ಲಿ ನೆನಪಾಗುವುದು ಪಡೆದದ್ದಲ್ಲ, ಹೇಳದೆ ಉಳಿದದ್ದು. ಶಾಲೆಯ ಗಂಟೆ ಎಲ್ಲರ ಮಾತನ್ನೂ ಅರ್ಧಕ್ಕೆ ತುಂಡರಿಸುತ್ತದೆ. ಪೂರ್ಣಗೊಂಡ ಅನುಭವ ಮರೆವಿಗೆ ಸಲ್ಲುತ್ತದೆ. ಅಪೂರ್ಣವಾದುದು ಮತ್ತೆ ಮತ್ತೆ ಕಥೆ ಬೇಡುತ್ತದೆ. ಓದು ನಿಲ್ಲಿಸಬೇಕಾದವರಿಗೆ ಈ ಅಪೂರ್ಣತೆ ಇನ್ನೂ ತೀವ್ರ. ಪೀಠಿಕೆಯಲ್ಲಿ ಎತ್ತಿದ ಪ್ರಶ್ನೆಗೆ ಉತ್ತರ ಇಲ್ಲಿ ದೊರೆಯುತ್ತದೆ: ಹೊರಗುಳಿದವರು ಹಂಬಲಿಸುವುದು ಕಳೆದ ಕಾಲವನ್ನಲ್ಲ, ತಡೆಯಲ್ಪಟ್ಟ ಕಾಲವನ್ನು.

7. ಪ್ರೇಕ್ಷಕರ ನೆಲ: ಪಶ್ಚಿಮ ಬೆಂಗಳೂರು

ಈ ಮಾತನ್ನು ಒಂದು ಪ್ರದೇಶದಲ್ಲಿಟ್ಟು ನೋಡುವುದು ಉಪಯುಕ್ತ. ಸ್ವಾತಂತ್ರ್ಯಾನಂತರ ಕೈಗಾರಿಕಾ ಉಪನಗರವಾಗಿ ಬೆಳೆದ ರಾಜಾಜಿನಗರ, ಅದರ ಮುಂದುವರಿಕೆಯಂತಿರುವ ಬಸವೇಶ್ವರನಗರ ಮತ್ತು ವಿಜಯನಗರ, ಮೈಸೂರು ರಸ್ತೆಯ ತುದಿಯ ಕೆಂಗೇರಿ — ಇವು ಕನ್ನಡ ಚಿತ್ರಗಳ ಗಟ್ಟಿ ನೆಲೆಗಳು. ರಾಜಾಜಿನಗರದಲ್ಲಿ ಒಂದು ವೃತ್ತವನ್ನೇ ಜನ ನವರಂಗ್ ಚಿತ್ರಮಂದಿರದ ಹೆಸರಿನಿಂದ ಕರೆಯುತ್ತಾರೆ. ಮಾಗಡಿ ರಸ್ತೆಯ ಪ್ರಸನ್ನ, ವೀರೇಶ್ ಚಿತ್ರಮಂದಿರಗಳು ಕಾರ್ಮಿಕರನ್ನೂ ತರಗತಿ ತಪ್ಪಿಸಿ ಬಂದ ವಿದ್ಯಾರ್ಥಿಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ತಾಣಗಳು. ಪೀಣ್ಯದ ಕಾರ್ಖಾನೆಗೆ ಹೋಗುವ ಹುಡುಗನೂ ಕೆಂಗೇರಿ ಕಡೆಯ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ಹುಡುಗನೂ ಹತ್ತನೆಯ ತರಗತಿಯವರೆಗೆ ಒಂದೇ ಬೆಂಚಿನವರಾಗಿರಬಹುದಾದ ಬಡಾವಣೆಗಳಿವು.

ಇಲ್ಲಿ ಸಮವಸ್ತ್ರ ಒಂದು ಮುಖ್ಯ ಸಂಕೇತ. ಸಮವಸ್ತ್ರ ಧರಿಸಿದಷ್ಟು ಹೊತ್ತು ವರ್ಗ ಮತ್ತು ಜಾತಿ ಮರೆಯಾದಂತೆ ತೋರುತ್ತವೆ. ಕಳಚಿದ ಕೂಡಲೇ ಮರಳುತ್ತವೆ. ಎಸ್. ನಾರಾಯಣ್ ಅವರ ‘ಚೆಲುವಿನ ಚಿತ್ತಾರ’ (2007), ತಮಿಳಿನ ‘ಕಾದಲ್’ (2004) ಚಿತ್ರದ ಕನ್ನಡ ರೂಪ, ಸಮವಸ್ತ್ರದ ಹುಡುಗಿ ಮತ್ತು ಗ್ಯಾರೇಜಿನ ಹುಡುಗನ ಪ್ರೀತಿಯನ್ನು ಹೇಳುತ್ತದೆ. ಒಬ್ಬರು ಶಾಲೆಯ ಒಳಗಿದ್ದಾರೆ, ಇನ್ನೊಬ್ಬರು ಹೊರಗೆ. ಆ ಗೆರೆಯನ್ನು ದಾಟಿದ್ದಕ್ಕೆ ಹುಡುಗ ತೆರುವ ಬೆಲೆ ಅವನ ಬುದ್ಧಿಯ ಸ್ಥಿಮಿತ. ಈ ಚಿತ್ರದ ಜನಪ್ರಿಯತೆಯನ್ನು ಪ್ರೇಮಕಥೆಯ ಜನಪ್ರಿಯತೆಯೆಂದಷ್ಟೇ ಕಂಡರೆ ಗ್ಯಾರೇಜಿನ ಪ್ರೇಕ್ಷಕ ಅದರಲ್ಲಿ ತನ್ನನ್ನು ಕಂಡುಕೊಂಡ ಬಗೆ ತಪ್ಪಿಹೋಗುತ್ತದೆ.

ಗೆರೆಗಳು ಸ್ಥಳ ಬದಲಿಸುತ್ತವೆ, ಅಳಿಯುವುದಿಲ್ಲ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದಕ್ಕೆ ಮಗನೊಡನೆ ಸಿನಿಮಾ ನೋಡಲು ಬಂದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ತಡೆಯಲಾಯಿತು. ಸಾರ್ವಜನಿಕರ ಪ್ರತಿಭಟನೆಯ ನಂತರ ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸುವ ತೀರ್ಮಾನ ಪ್ರಕಟಿಸಿತು. ಓದುತ್ತಿರುವ ಮಗನಿಗೆ ತೆರೆದಿದ್ದ ಬಾಗಿಲು ಅಪ್ಪನಿಗೆ ಮುಚ್ಚಿತ್ತು. ವಿದ್ಯೆ ಒಂದು ತಲೆಮಾರನ್ನು ಒಳಗೆ ಕರೆದು ಹಿಂದಿನ ತಲೆಮಾರನ್ನು ಹೊರಗೆ ನಿಲ್ಲಿಸುವ ಈ ಸನ್ನಿವೇಶವು ಕನ್ನಡದ ಶಾಲಾ ಚಿತ್ರಗಳು ಇನ್ನೂ ಸಮರ್ಪಕವಾಗಿ ಹೇಳಬೇಕಾದ ಕಥೆ. ಸಾಹಿತ್ಯ ಅದನ್ನು ಹೇಳಿದೆ. ರಾಜಾಜಿನಗರಕ್ಕೆ ಅಂಟಿಕೊಂಡ ಶ್ರೀರಾಮಪುರದ ಬಾಲ್ಯವನ್ನೂ ವಿದ್ಯಾರ್ಥಿನಿಲಯದ ಬದುಕನ್ನೂ ಸಿದ್ಧಲಿಂಗಯ್ಯನವರು ‘ಊರುಕೇರಿ’ಯಲ್ಲಿ ದಾಖಲಿಸಿದ್ದಾರೆ. ಹಸಿವನ್ನೂ ನಗೆಯನ್ನೂ ಒಟ್ಟಿಗೆ ಹಿಡಿದ ಆ ಬರವಣಿಗೆಯ ಪಕ್ಕದಲ್ಲಿ, ಸಿನಿಮಾದ ಹಾಸ್ಟೆಲುಗಳಲ್ಲಿ ಊಟದ ಚಿಂತೆ ಎಷ್ಟು ಕಡಿಮೆ ಎಂಬುದು ಎದ್ದು ತೋರುತ್ತದೆ.

8. ಕನ್ನಡದ ತರಗತಿ ಎಲ್ಲಿದೆ?

ಈ ಚಿತ್ರಗಳ ಪಾತ್ರಗಳು ಕನ್ನಡ ಮಾತನಾಡುತ್ತವೆ. ಆದರೆ ಅವು ಕನ್ನಡದಲ್ಲಿ ಓದುವುದನ್ನು ತೆರೆಯ ಮೇಲೆ ಕಾಣುವುದು ಅಪರೂಪ. ಈ ಕೊರತೆಯನ್ನು ತುಂಬಿದ ಚಿತ್ರ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018). ಕನ್ನಡ ಮಾಧ್ಯಮದ ಶಾಲೆಗೆ ಮಲಯಾಳಿ ಗಣಿತ ಅಧ್ಯಾಪಕರು ಬರುವುದು, ಶಾಲೆ ಮುಚ್ಚುವ ಭೀತಿ, ಮಕ್ಕಳ ಹೋರಾಟ ಇದರ ವಸ್ತು. ಗಡಿನಾಡಿನ ಕನ್ನಡಿಗರು ವಾಸ್ತವದಲ್ಲಿಯೂ ಎದುರಿಸಿದ ಸಮಸ್ಯೆಯಿದು. ಚಿತ್ರಕ್ಕೆ ಶ್ರೇಷ್ಠ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು.

ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಕಡ್ಡಾಯಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ನೀಡಿದ ನಾಲ್ಕು ವರ್ಷಗಳ ಬಳಿಕ ಬಂದ ಈ ಚಿತ್ರವನ್ನು ಬೆಂಗಳೂರಿನ ಪ್ರೇಕ್ಷಕರೂ ಆದರದಿಂದ ಕಂಡರು. ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುವ ತಂದೆತಾಯಿಯರೇ ಕನ್ನಡ ಶಾಲೆ ಉಳಿದಾಗ ಚಪ್ಪಾಳೆ ತಟ್ಟಿದರು. ಇದನ್ನು ಆಷಾಢಭೂತಿತನವೆಂದು ಹಳಿಯುವುದು ಸುಲಭ. ಆದರೆ ತಾವು ಆರಿಸಿಕೊಳ್ಳಲಾಗದ ದಾರಿಯ ಬಗೆಗಿನ ಪಾಪಪ್ರಜ್ಞೆಯೂ ಆ ಚಪ್ಪಾಳೆಯಲ್ಲಿದೆ ಎಂದು ಓದುವುದು ಹೆಚ್ಚು ನ್ಯಾಯವಾದೀತು. ತಡೆಯಲ್ಪಟ್ಟ ಕಾಲದ ಹಂಬಲದಂತೆಯೇ ಇದೂ ಬಿಟ್ಟುಬಂದ ಬಾಗಿಲಿನ ಹಂಬಲ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕನ್ನಡದ ಶಾಲಾ-ಕಾಲೇಜು ಕಥನಗಳ ಬಾಳಿಕೆಗೆ ಕಾರಣ ಯೌವನದ ಸೊಬಗು ಮಾತ್ರವಲ್ಲ. ವಿದ್ಯಾಭ್ಯಾಸವೆಂಬ ಬಾಗಿಲಿನ ಮುಂದೆ ಒಂದು ಸಮಾಜ ಅನುಭವಿಸಿದ ಆಸೆ ಮತ್ತು ಅವಮಾನ. ಎರಡನೆಯದಾಗಿ, ಈ ಕಥನಗಳು ಹುಡುಗನ ನೋಟದಿಂದ ಹುಡುಗಿಯ ದನಿಯೆಡೆಗೆ ಚಲಿಸಿವೆ. ಆದರೆ ಕೊಟ್ರನ ದನಿ ಮುಖ್ಯಧಾರೆಯ ಕಾಲೇಜು ಚಿತ್ರಗಳಲ್ಲಿ ಕ್ಷೀಣವಾಗಿಯೇ ಉಳಿದಿದೆ. ಮೂರನೆಯದಾಗಿ, ಹದಿಹರೆಯದ ಕನ್ನಡವನ್ನು ದಾಖಲಿಸುವ ಕೆಲಸವನ್ನು ಈ ಚಿತ್ರಗಳು ತಮಗರಿವಿಲ್ಲದೆಯೇ ಮಾಡುತ್ತ ಬಂದಿವೆ.

2024ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಗೆ ಒಂದೇ ಸಾಲಿನಲ್ಲಿ ಮೂರು ಪರೀಕ್ಷೆಗಳ ಅವಕಾಶ ನೀಡಿತು. ಫಲಿತಾಂಶ ಇಂದು ಹಲಗೆಯ ಮೇಲಲ್ಲ, ಅಂಗೈಯ ಮೊಬೈಲಿನಲ್ಲಿ ಬರುತ್ತದೆ. ಒಂದು ಸೋಲು ಬದುಕಿನ ಕೊನೆಯಲ್ಲವೆಂದು ವ್ಯವಸ್ಥೆ ನಿಧಾನವಾಗಿ ಒಪ್ಪಿಕೊಳ್ಳುತ್ತಿರುವಾಗ, ಅದನ್ನೇ ದಶಕಗಳಿಂದ ಬೇರೆ ಬೇರೆ ರೀತಿಯಲ್ಲಿ ಹೇಳುತ್ತ ಬಂದ ಚಿತ್ರಗಳನ್ನು ಕನ್ನಡ ತರಗತಿ ಪಠ್ಯವಾಗಿ ಸ್ವೀಕರಿಸಬಹುದಾಗಿದೆ. ಕುಂ.ವೀ. ಅವರ ಕಥೆಯೊಡನೆ ‘ಕೊಟ್ರೇಶಿ ಕನಸು’, ತ.ರಾ.ಸು. ಅವರ ಕಾದಂಬರಿಗಳೊಡನೆ ಪುಟ್ಟಣ್ಣನವರ ಚಿತ್ರ, ‘ಊರುಕೇರಿ’ಯೊಡನೆ ‘ಕಿರಿಕ್ ಪಾರ್ಟಿ’ — ಹೀಗೆ ಜೋಡಿಯಾಗಿ ಓದಿಸಿದರೆ ಹಿಂದಿನ ಬೆಂಚಿನಲ್ಲಿ ಕುಳಿತ ವಿದ್ಯಾರ್ಥಿಗೂ ಹೇಳುವುದಕ್ಕೆ ಮಾತಿರುತ್ತದೆ. ಆ ಬೆಂಚು ಯಾಕೆ ಖಾಲಿಯಾಯಿತು ಎಂದು ಕೇಳುವ ಅವಕಾಶ ಅಧ್ಯಾಪಕರಿಗೂ ದೊರೆಯುತ್ತದೆ.